ಮೊದಲ ಗುರುವಿನ ಎರಡು ಪಾಳಿ

ತಾಯಿಯೇ ಮೊದಲ ಗುರು ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಿಂದ ಹಿಡಿದು ಮಕ್ಕಳು ಬರೆಯುವ ಪ್ರಬಂಧದ ಹಾಳೆಯವರೆಗೆ ಅದು ಹೊಗಳಿಕೆಯ ಮಾತಾಗಿ ಬಳಕೆಯಾಗುತ್ತದೆ. ಹೊಗಳಿಕೆಗೆ ಒಂದು ಅನುಕೂಲವಿದೆ. ಹೊಗಳಿದವರು ಕೈಯಿಂದ ಏನನ್ನೂ ಕೊಡಬೇಕಾಗಿಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಆ ಮಾತು ಆಜ್ಞೆಯಾಗಿ ಬದಲಾಯಿತು. ಪಾಠವು ಮನೆಗೆ ಬಂದಿತು. ಮನೆಯಲ್ಲಿದ್ದ ತಾಯಿ ಸ್ವತಃ ಶಿಕ್ಷಕಿಯೂ ಆಗಿದ್ದರೆ, ಒಂದೇ ಗಳಿಗೆಯಲ್ಲಿ ಆಕೆ ತನ್ನ ತರಗತಿಯ ಮಕ್ಕಳಿಗೂ ತನ್ನ ಮಡಿಲ ಮಗುವಿಗೂ ಗುರುವಾಗಬೇಕಾಯಿತು. ಈ ಇಬ್ಬಗೆಯ ಹೊಣೆ ಎಲ್ಲಿಂದ ಬಂದಿತು, ಅದನ್ನು ಹೊತ್ತವರು ಯಾರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಚಿತ.

ಪ್ಲೇಗಿನ ಕಾಲ

ಸಾಂಕ್ರಾಮಿಕ ರೋಗವು ನಮ್ಮ ನಾಡಿಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮರುವರ್ಷ ಪುಣೆಯನ್ನು ಆವರಿಸಿತು. 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ನಡುಗಿಸಿತು. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸಿದರು. ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದುದರ ಹಿಂದೆಯೂ ಆ ಭಯದ ನೆರಳಿದೆ. ಆಗಲೂ ಮಕ್ಕಳ ಓದು ನಿಂತಿತು. ಆದರೆ ಆ ಓದನ್ನು ಮನೆಯಲ್ಲಿ ಮುಂದುವರಿಸಿ ಎಂದು ಯಾರೂ ತಾಯಂದಿರಿಗೆ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. 1901ರ ಜನಗಣತಿಯ ಪ್ರಕಾರ ಭಾರತದಲ್ಲಿ ಓದುಬರಹ ಬಲ್ಲ ಸ್ತ್ರೀಯರ ಪ್ರಮಾಣ ಸಾವಿರಕ್ಕೆ ಹತ್ತಕ್ಕಿಂತಲೂ ಕಡಿಮೆಯಿತ್ತು.

ಆ ವಿರಳರಲ್ಲಿ ಒಬ್ಬರು ಪುಣೆಯ ಸಾವಿತ್ರಿಬಾಯಿ ಫುಲೆ. ಅಹಮದ್‌ನಗರದಲ್ಲಿ ಅಮೆರಿಕದ ಮಿಷನರಿ ಸಿಂಥಿಯಾ ಫಾರಾರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ ಶಿಕ್ಷಕ ತರಬೇತಿ ಪಡೆದ ಅವರು, ಪತಿ ಜ್ಯೋತಿರಾವ್ ಫುಲೆಯವರೊಡನೆ 1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಬಾಲಕಿಯರ ಶಾಲೆಯನ್ನು ಆರಂಭಿಸಿದರು. ತಮಗೆ ಮಕ್ಕಳಿಲ್ಲದಿದ್ದರೂ ವಿಧವೆಯೊಬ್ಬರ ಮಗುವನ್ನು ದತ್ತು ಪಡೆದು ಯಶವಂತನೆಂದು ಹೆಸರಿಟ್ಟು ಸಾಕಿದರು. ಆತ ವೈದ್ಯನಾದನು. 1897ರ ಪ್ಲೇಗಿನಲ್ಲಿ ತಾಯಿ ಮತ್ತು ಮಗ ಸೇರಿ ಪುಣೆಯ ಹೊರವಲಯದಲ್ಲಿ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ನಡೆಸಿದರು. ಸೋಂಕು ತಗಲಿದ ಬಾಲಕನೊಬ್ಬನನ್ನು ಅಲ್ಲಿಗೆ ಹೊತ್ತು ತಂದ ಸಾವಿತ್ರಿಬಾಯಿ ತಾವೇ ರೋಗಕ್ಕೆ ತುತ್ತಾಗಿ ಅದೇ ವರ್ಷದ ಮಾರ್ಚ್ 10ರಂದು ತೀರಿಕೊಂಡರು. ಅವರ ತ್ಯಾಗವನ್ನು ನೆನೆಯುವಾಗ ಇನ್ನೊಂದು ಅಂಶವನ್ನೂ ಗಮನಿಸಬೇಕು. ಅವರು ಶಿಕ್ಷಕಿಯಾದುದು ಪತಿಯ ಜೊತೆಗೂಡಿ. ಪ್ಲೇಗಿನಲ್ಲಿ ದುಡಿದುದು ಮಗನ ಜೊತೆಗೂಡಿ. ಮನೆಯವರು ಭಾರಕ್ಕೆ ಹೆಗಲು ಕೊಟ್ಟಿದ್ದರು.

ಗಂಟೆ ಮತ್ತು ಗೇಟು

ಸಾವಿತ್ರಿಬಾಯಿಯವರ ನಂತರದ ಒಂದೂಕಾಲು ಶತಮಾನದಲ್ಲಿ ನಮ್ಮ ಶಾಲೆಗಳ ಚಿತ್ರ ಬದಲಾಯಿತು. ಕೇಂದ್ರ ಶಿಕ್ಷಣ ಸಚಿವಾಲಯದ ಅಂಕಿಅಂಶಗಳ ಪ್ರಕಾರ 2019-20ನೇ ಸಾಲಿನಲ್ಲಿ ದೇಶದ ಶಾಲೆಗಳಲ್ಲಿ ಸುಮಾರು 97 ಲಕ್ಷ ಶಿಕ್ಷಕರಿದ್ದರು. ಅವರಲ್ಲಿ 49 ಲಕ್ಷಕ್ಕೂ ಹೆಚ್ಚು ಮಂದಿ ಮಹಿಳೆಯರು. ಅಂದರೆ ಕೊರೋನಾ ಕಾಲಿಟ್ಟ ವರ್ಷದಲ್ಲೇ ನಮ್ಮ ದೇಶದ ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ತ್ರೀಯರಾಗಿದ್ದರು.

ಇಷ್ಟು ದೊಡ್ಡ ಸಂಖ್ಯೆಯ ತಾಯಂದಿರು ಶಿಕ್ಷಕಿಯರಾಗಲು ಸಾಧ್ಯವಾದುದಕ್ಕೆ ಶಾಲೆ ಎಂಬ ವ್ಯವಸ್ಥೆಯೇ ಒಂದು ಕಾರಣ. ಶಾಲೆಗೆ ಗೇಟು ಇದೆ, ಗಂಟೆ ಇದೆ. ಗೇಟಿನ ಒಳಗೆ ಆಕೆ ಟೀಚರ್. ಸಂಜೆಯ ಗಂಟೆ ಬಾರಿಸಿದ ಮೇಲೆ ಅಮ್ಮ. ಆಕೆ ಬೇರೆಯವರ ಮಕ್ಕಳಿಗೆ ಕಲಿಸುತ್ತಿರುವ ಹೊತ್ತಿನಲ್ಲಿ ಇನ್ನೊಬ್ಬ ಶಿಕ್ಷಕಿ ಇನ್ನೊಂದು ಕೋಣೆಯಲ್ಲಿ ಆಕೆಯ ಮಗುವಿಗೆ ಕಲಿಸುತ್ತಿರುತ್ತಾರೆ. ಕಣ್ಣಿಗೆ ಕಾಣದ ಈ ಕೊಡುಕೊಳ್ಳುವಿಕೆಯ ಮೇಲೆ ಎರಡು ಹೊಣೆಗಳೂ ನಿಂತಿದ್ದವು.

ಆದರೂ ಮನೆಯೊಳಗಿನ ತಕ್ಕಡಿ ಸಮವಾಗಿರಲಿಲ್ಲ. 2019ರಲ್ಲಿ ಇಡೀ ದೇಶದಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯು ಇದನ್ನು ನಿಮಿಷಗಳ ಲೆಕ್ಕದಲ್ಲಿ ತೋರಿಸಿತು. ಮನೆಗೆಲಸದಲ್ಲಿ ತೊಡಗುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸಿದರೆ ಪುರುಷರು 97 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಕೊರೋನಾ ಬರುವ ಮೊದಲೇ ಮನೆಯೆಂಬುದು ಸ್ತ್ರೀಗೆ ಇನ್ನೊಂದು ಪಾಳಿಯಾಗಿತ್ತು. ಎರಡು ಪಾಳಿಗಳ ನಡುವೆ ಒಂದು ಗೋಡೆಯಿತ್ತು, ಅಷ್ಟೆ. 2020ರಲ್ಲಿ ಕುಸಿದುದು ಆ ಗೋಡೆ.

ಬಾಗಿಲು ಮುಚ್ಚಿದ ವರ್ಷ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿತು. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದೇ ಆಗಿತ್ತು. ಆ ತಿಂಗಳ ಮಧ್ಯಭಾಗದೊಳಗೆ ರಾಜ್ಯದ ಶಾಲೆಗಳು ಮುಚ್ಚತೊಡಗಿದವು. 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್ ಜಾರಿಯಾಯಿತು. ಯುನೆಸ್ಕೊ ಅಂದಾಜಿನಂತೆ ಆ ದಿನಗಳಲ್ಲಿ ಜಗತ್ತಿನಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆ ಕಾಲೇಜುಗಳಿಂದ ದೂರವಾಗಿದ್ದರು.

ಜೂನ್ ತಿಂಗಳು ಬಂದರೂ ಶಾಲೆ ತೆರೆಯಲಿಲ್ಲ. ಖಾಸಗಿ ಶಾಲೆಗಳಲ್ಲಿ ಆನ್‌ಲೈನ್ ತರಗತಿಗಳು ಮೊದಲಾದವು. ಎಳೆಯ ಮಕ್ಕಳ ಕಣ್ಣು, ಮನಸ್ಸುಗಳ ಹಿತವನ್ನು ಗಮನದಲ್ಲಿರಿಸಿಕೊಂಡು ರಾಜ್ಯ ಸರ್ಕಾರವು 5ನೇ ತರಗತಿಯವರೆಗೆ ಇಂತಹ ತರಗತಿಗಳನ್ನು ನಿಷೇಧಿಸಿತು. ಶಿಕ್ಷಣದ ಹಕ್ಕಿಗೆ ಧಕ್ಕೆಯಾಗುತ್ತದೆಂದು ಹೈಕೋರ್ಟು ಜುಲೈ 8ರಂದು ಸರ್ಕಾರದ ಆದೇಶಗಳಿಗೆ ತಡೆ ನೀಡಿತು. ಎರಡೂ ಕಡೆಯ ವಾದಗಳಲ್ಲಿ ಮಗುವಿನ ಹಿತದ ಕಾಳಜಿಯಿತ್ತು. ಆದರೆ ಆರು ವರ್ಷದ ಮಗು ತಾನೊಂದೇ ಕುಳಿತು ಫೋನಿನ ಮುಂದೆ ಪಾಠ ಕೇಳಲಾರದು; ಯಾರಾದರೂ ಪಕ್ಕದಲ್ಲಿ ಕುಳಿತಿರಲೇಬೇಕು. ಪಕ್ಕದಲ್ಲಿ ಕೂರುವವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಮನೆಗಳೇ ಕಂಡುಕೊಳ್ಳಬೇಕಾಯಿತು. ಹೆಚ್ಚಿನ ಮನೆಗಳಲ್ಲಿ ಆ ಉತ್ತರ ಅಮ್ಮನೇ ಆಗಿದ್ದಳು.

ಇಲ್ಲಿಯೇ ಶಿಕ್ಷಕಿಯ ಇಕ್ಕಟ್ಟು ಆರಂಭವಾಯಿತು. ಬೆಳಿಗ್ಗೆ ಹತ್ತಕ್ಕೆ ಆಕೆಯ ತರಗತಿ. ಮಗಳ ತರಗತಿಯೂ ಹತ್ತಕ್ಕೇ. ಮನೆಯಲ್ಲಿರುವುದು ಒಂದು ಸ್ಮಾರ್ಟ್‌ಫೋನ್. ಅದು ಯಾರಿಗೆ ಸಲ್ಲಬೇಕು? ಸಂಬಳ ತರುವ ಪಾಠಕ್ಕೋ, ಹೆತ್ತ ಮಗುವಿನ ಓದಿಗೋ? ಎಷ್ಟೋ ಮನೆಗಳಲ್ಲಿ ಪರರ ಮಕ್ಕಳಿಗೆ ಕಾಗುಣಿತ ಕಲಿಸುವ ಹೊತ್ತಿಗೆ ತನ್ನ ಮಗು ಬಾಗಿಲ ಹಿಂದೆ ಕಾಯುತ್ತಿತ್ತು. ಇದು ಶ್ರೀಮಂತರ ತೊಂದರೆಯೆಂದು ಕೆಲವರಿಗೆ ತೋರಬಹುದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಗ್ರಾಮೀಣ ಭಾರತದ ನೂರು ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದುದು ಸುಮಾರು 15 ಮನೆಗಳಿಗೆ. ಕಂಪ್ಯೂಟರ್ ಇದ್ದುದು ನಾಲ್ಕೈದು ಮನೆಗಳಿಗೆ. ಫೋನ್ ಇದ್ದ ಮನೆಯಲ್ಲೇ ಇಷ್ಟು ಕಷ್ಟವಿದ್ದರೆ, ಇಲ್ಲದ ಮನೆಯ ಗತಿಯನ್ನು ಊಹಿಸಬಹುದು.

ವಠಾರಕ್ಕೆ ನಡೆದ ಶಾಲೆ

ಸರ್ಕಾರಿ ಶಾಲೆಯ ಶಿಕ್ಷಕಿಯರ ದಾರಿ ಬೇರೆಯಾಗಿತ್ತು. ಅವರಲ್ಲಿ ಅನೇಕರು ಮನೆಮನೆಯ ಆರೋಗ್ಯ ಸಮೀಕ್ಷೆಯಂತಹ ಕೋವಿಡ್ ಕರ್ತವ್ಯಗಳಿಗೆ ನಿಯೋಜಿತರಾದರು. ಜೂನ್ 25ರಿಂದ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸುಮಾರು 8 ಲಕ್ಷ ಮಕ್ಕಳು ಬಂದಾಗ, ಅವರ ಮೈ ಬಿಸಿಯನ್ನು ಅಳೆದು ಅಂತರದಲ್ಲಿ ಕೂರಿಸಿ ಪರೀಕ್ಷೆ ಬರೆಸುವಲ್ಲಿ ಅವರ ಶ್ರಮವಿತ್ತು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾಗತೊಡಗಿದವು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂದಿತು. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂಬುದು ಅದರ ಆಶಯ. ದೇವಾಲಯದ ಜಗಲಿ, ಸಮುದಾಯ ಭವನ, ಮರದ ನೆರಳು ಇವೆಲ್ಲವೂ ತರಗತಿಗಳಾದವು. ಜನರು ಇದನ್ನು ವಠಾರ ಶಾಲೆಯೆಂದು ಕರೆದರು. ಫೋನಿಲ್ಲದ ಮಕ್ಕಳಿಗೆ ಅದು ದೊಡ್ಡ ಆಸರೆಯಾಗಿತ್ತು.

ಆದರೆ ಊರೂರು ಸುತ್ತಿ ಸಂಜೆ ಮನೆಗೆ ಮರಳುವ ಶಿಕ್ಷಕಿಯು ಹೊಸ್ತಿಲಲ್ಲೇ ನಿಲ್ಲಬೇಕಾಗಿತ್ತು. ಓಡಿ ಬರುವ ಮಗುವನ್ನು ಎತ್ತಿಕೊಳ್ಳುವ ಮೊದಲು ಸ್ನಾನ, ಬಟ್ಟೆ ಬದಲಾವಣೆ. ಮನೆಯಲ್ಲಿ ವೃದ್ಧ ಅತ್ತೆ ಮಾವಂದಿರಿದ್ದರೆ ಇನ್ನಷ್ಟು ಅಳುಕು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ವರದಿಗಳು ಬಂದಾಗ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಲಾಯಿತು. ಅಷ್ಟರೊಳಗೆ ಆ ಭಯವು ಸುಳ್ಳಲ್ಲವೆಂದು ಹಲವು ಮನೆಗಳಿಗೆ ತಿಳಿದುಹೋಗಿತ್ತು. ಅನುದಾನರಹಿತ ಶಾಲೆಗಳ ಶಿಕ್ಷಕಿಯರ ಸಂಕಟ ಮತ್ತೊಂದು ಬಗೆಯದು. ಅನೇಕರಿಗೆ ಸಂಬಳ ಕಡಿತವಾಯಿತು, ಕೆಲವರಿಗೆ ಕೆಲಸವೇ ಹೋಯಿತು. 2021ರ ಜೂನ್‌ನಲ್ಲಿ ಸರ್ಕಾರವು ಅವರಿಗಾಗಿ 5,000 ರೂಪಾಯಿಗಳ ಒಂದು ಬಾರಿಯ ನೆರವನ್ನು ಘೋಷಿಸಿತು. ಪರರ ಮಕ್ಕಳಿಗೆ ಕಲಿಸುತ್ತಿದ್ದವರು ತಮ್ಮ ಮಕ್ಕಳ ಶುಲ್ಕಕ್ಕಾಗಿ ಪರದಾಡಿದ ಕಾಲವದು.

ಕಳೆದುಹೋದುದು, ಉಳಿದುದು

ಇಷ್ಟೆಲ್ಲ ಶ್ರಮದ ನಂತರವೂ ಮಕ್ಕಳು ಕಳೆದುಕೊಂಡುದು ಬಹಳ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಕುರಿತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನವು, ನೂರರಲ್ಲಿ 92 ಮಕ್ಕಳು ಹಿಂದೆ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತಿದ್ದಾರೆಂದು ತಿಳಿಸಿತು. ಗಣಿತದಲ್ಲಿ ಈ ಪ್ರಮಾಣ ನೂರಕ್ಕೆ 82. 2021ರ ಜನವರಿಯಲ್ಲಿ ಹಿರಿಯ ತರಗತಿಗಳು ಆರಂಭವಾದರೂ ಎರಡನೆಯ ಅಲೆಯಲ್ಲಿ ಶಾಲೆಗಳು ಮತ್ತೆ ಮುಚ್ಚಿದವು. 1ರಿಂದ 5ನೇ ತರಗತಿಯ ಮಕ್ಕಳು ಕೋಣೆಯೊಳಗೆ ಕುಳಿತದ್ದು ಆ ವರ್ಷದ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳ ಮೇಲೆ. ಕಳೆದುದನ್ನು ತುಂಬಲು 2022-23ರಲ್ಲಿ ರಾಜ್ಯವು ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವನ್ನು ಕೈಗೊಂಡಿತು. ಮರೆತ ಪಾಠವನ್ನು ಮತ್ತೆ ಕಲಿಸುವ ಹೊಣೆ ಬಿದ್ದದ್ದೂ ಅದೇ ಶಿಕ್ಷಕಿಯರ ಮೇಲೆ.

ಈ ಇತಿಹಾಸದಿಂದ ನಾವು ಕಲಿಯಬೇಕಾದುದೇನು? ಆ ದಿನಗಳಲ್ಲಿ ಶಿಕ್ಷಕಿಯರಿಗೆ ಸಮತೋಲನವನ್ನು ಕಾಯ್ದುಕೊಳ್ಳಿರಿ ಎಂಬ ಉಪದೇಶ ಎಲ್ಲೆಡೆಯೂ ಕೇಳಿಬರುತ್ತಿತ್ತು. ನಸುಕಿನಲ್ಲಿ ಏಳಿರಿ, ವೇಳಾಪಟ್ಟಿ ಹಾಕಿಕೊಳ್ಳಿರಿ, ತಾಳ್ಮೆ ಕಳೆದುಕೊಳ್ಳಬೇಡಿರಿ ಎಂದು. ಸಲಹೆಗಳೇನೋ ಒಳ್ಳೆಯವೇ. ಆದರೆ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಭಾರವನ್ನು ಹೇರುವವರು ಬೇರೆಯವರಾಗಿರುವಾಗ, ಅದನ್ನು ಹಿಡಿದವಳ ಕೈ ನಡುಗಿತೆಂದು ಆಕೆಯನ್ನು ದೂರುವುದು ನ್ಯಾಯವಲ್ಲ. ಹೊಣೆ ಹಂಚಿಕೆಯಾದ ಮನೆಗಳಲ್ಲಿ ತಕ್ಕಡಿ ನಿಂತಿತು. ಕೆಲವು ಮನೆಗಳಲ್ಲಿ ಅಜ್ಜ ಮೊಮ್ಮಗಳಿಗೆ ಮಗ್ಗಿ ಹೇಳಿಕೊಟ್ಟರು. ಅಣ್ಣ ತಂಗಿಗೆ ಓದಿ ಹೇಳಿದ. ಕೆಲಸವಿಲ್ಲದೆ ಮನೆಯಲ್ಲೇ ಉಳಿದ ತಂದೆ ಮೊದಲ ಬಾರಿಗೆ ಅಡಿಗೆಮನೆಯ ಒಲೆ ಹಚ್ಚಿ, ಮಗನ ನೋಟ್‌ಬುಕ್ಕನ್ನೂ ತೆರೆದು ನೋಡಿದ. ಅಂತಹ ಮನೆಗಳಲ್ಲಿ ಶಿಕ್ಷಕಿಗೆ ಶಿಕ್ಷಕಿಯಾಗಿಯೇ ಇರಲು ಒಂದೆರಡು ಗಂಟೆ ದೊರೆಯಿತು. ಎಲ್ಲವೂ ಆಕೆಯ ಪಾಲಿಗೇ ಬಂದ ಮನೆಗಳಲ್ಲಿ ಪಾಠವೂ ಸೊರಗಿತು, ಮಗುವೂ ಸೊರಗಿತು, ಆಕೆಯೂ ಸೊರಗಿದಳು.

ಆದ್ದರಿಂದ ತಾಯಿಯೇ ಮೊದಲ ಗುರು ಎಂಬ ಮಾತನ್ನು ಇನ್ನು ಮುಂದೆ ಆಡುವಾಗ, ಅದರಲ್ಲಿರುವ ಮೊದಲ ಎಂಬ ಪದದ ಅರ್ಥವನ್ನು ನಾವು ವಿಚಾರಿಸಬೇಕು. ಮೊದಲನೆಯದು ಇದೆಯೆಂದರೆ ಎರಡನೆಯದೂ ಮೂರನೆಯದೂ ಇರಬೇಕು. ತಂದೆ, ಅಜ್ಜ ಅಜ್ಜಿ, ನೆರೆಯವರು, ಶಾಲೆ, ಸರ್ಕಾರ ಇವರೆಲ್ಲರೂ ತಮ್ಮ ತಮ್ಮ ಸರದಿಯಲ್ಲಿ ಬಂದು ನಿಂತರೆ ಮಾತ್ರ ಆ ಮೊದಲ ಗುರುವಿನ ಶ್ರಮ ಸಾರ್ಥಕ. ಶಾಲೆಯ ಗಂಟೆ ಈಗ ಮತ್ತೆ ಬಾರಿಸುತ್ತಿದೆ. ಸಂಜೆಯ ಗಂಟೆಯ ನಂತರ ನಮ್ಮ ಮನೆಯಲ್ಲಿ ಮಗುವಿನ ಪಕ್ಕದಲ್ಲಿ ಕೂರುವವರು ಯಾರು? ಇನ್ನೊಂದು ಮಹಾಮಾರಿ ಬಂದು ಕೇಳುವವರೆಗೆ ಕಾಯದೆ ಇಂದೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.