ವಿಮಾನಯುದ್ಧದ ಚಿತ್ರಗಳೂ ರುಜುವಿನ ಸಾಕ್ಷ್ಯವೂ

ಯುದ್ಧಚಿತ್ರವು ಇತಿಹಾಸಕ್ಕೆ ಎಷ್ಟರಮಟ್ಟಿಗೆ ಆಧಾರವಾಗಬಲ್ಲುದೆಂಬ ಪ್ರಶ್ನೆ ಹೊಸದಲ್ಲ. ಕ್ಯಾಸನೂರಿನ ಸುತ್ತಣ ಸೊರಬ, ಶಿಕಾರಿಪುರ ಸೀಮೆಯಲ್ಲಿ ಸಂಚರಿಸುವವರಿಗೆ ವೀರಗಲ್ಲುಗಳ ಮುಂದೆ ಅದು ತಾನಾಗಿ ಮೂಡುತ್ತದೆ. ಅದೇ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಚಿತ್ರಪ್ರಕಾರಕ್ಕೆ, ಎಂದರೆ ವಿಮಾನಯುದ್ಧವನ್ನು ನಿರೂಪಿಸುವ ರುಜುವುಳ್ಳ ಮುದ್ರಿತ ಚಿತ್ರಗಳಿಗೆ, ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ರಾಬರ್ಟ್ ಟೇಲರ್ ಮೊದಲಾದವರ ಕೃತಿಗಳು ಈ ರೂಪದಲ್ಲಿ ಪ್ರಚಾರಕ್ಕೆ ಬಂದುವು. ಮೂಲ ವರ್ಣಚಿತ್ರದಿಂದ ಗೊತ್ತಾದ ಸಂಖ್ಯೆಯ ಪ್ರತಿಗಳನ್ನು ಮಾತ್ರ ಅಚ್ಚುಹಾಕಿ, ಒಂದೊಂದಕ್ಕೂ ಕ್ರಮಾಂಕ ಕೊಟ್ಟು, ಅಂಚಿನಲ್ಲಿ ಚಿತ್ರಕಾರನು ರುಜು ಮಾಡುತ್ತಾನೆ. ಆ ಯುದ್ಧದಲ್ಲಿ ಕಾದಿದ ವೈಮಾನಿಕರೂ ರುಜು ಮಾಡುವುದುಂಟು. ಇವೆರಡರ ಅರ್ಥ ಬೇರೆಬೇರೆ. ಮೊದಲನೆಯದು ಕರ್ತೃತ್ವದ ಗುರುತು. ಬೇಲೂರಿನ ಮದನಿಕೆಯರ ಪೀಠದಲ್ಲಿ ಕಾಣುವ ಬಳ್ಳಿಗಾವೆಯ ದಾಸೋಜನ ಮತ್ತು ಅವನ ಮಗ ಚಾವಣನ ಹೆಸರುಗಳು ಇಂಥವೇ. ಎರಡನೆಯದನ್ನು ಕೊಳ್ಳುವವರು ಪ್ರತ್ಯಕ್ಷದರ್ಶಿಯ ಸಾಕ್ಷ್ಯವೆಂದು ಭಾವಿಸುತ್ತಾರೆ. ಆದರೆ ಸಾಕ್ಷ್ಯ ನುಡಿಯಬಲ್ಲವನು ಬದುಕುಳಿದವನು ಮಾತ್ರ. ಮಡಿದವನ ಪಾಲಿನ ಕಥೆ ಏನಾಗುತ್ತದೆ?

ಇದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೊರಟರು. ಮೊದಲು ಅವರು ಮೀಸಲಿನವರಾಗಿದ್ದು, ಬಳಿಕ ತಂಡದಲ್ಲಿ ಸೇರಿದರು; ಹಿಂದಿರುಗಲಿಲ್ಲ. ಅವರನ್ನು ಎದುರಿಸಿದ ಎಫ್-104 ಸ್ಟಾರ್‌ಫೈಟರ್ ಶಬ್ದವೇಗದ ಇಮ್ಮಡಿ ವೇಗವುಳ್ಳದ್ದು. ಮಿಸ್ಟೇರಾದರೋ ಸಮತಲ ಹಾರಾಟದಲ್ಲಿ ಶಬ್ದವೇಗವನ್ನು ಮುಟ್ಟಲಾರದ್ದು. ಆದರೂ ಆ ಕಾಳಗದಲ್ಲಿ ಎರಡು ವಿಮಾನಗಳೂ ನೆಲಕ್ಕುರುಳಿದುವು. ಸ್ಟಾರ್‌ಫೈಟರಿನ ವೈಮಾನಿಕ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿದನು. ಭಾರತದ ಕಡೆಯವರಾರೂ ಇದನ್ನು ಕಂಡಿರಲಿಲ್ಲ. 1979ರಲ್ಲಿ ಪ್ರಕಟವಾದ ಜಾನ್ ಫ್ರಿಕರನ ಗ್ರಂಥದ ಬಳಿಕವೇ ಸಂಗತಿಯು ಇಲ್ಲಿ ಗಮನಕ್ಕೆ ಬಂದು, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಈ ಕಾಳಗವನ್ನು ಬರೆಯಹೊರಟ ಚಿತ್ರಕಾರನ ಸ್ಥಿತಿಯನ್ನು ಯೋಚಿಸೋಣ. ಸ್ಟಾರ್‌ಫೈಟರ್ ಮಿಸ್ಟೇರಿನ ಗುಂಡಿಗೆ ಬಿತ್ತೆಂದು ಒಂದು ಹೇಳಿಕೆ. ಸಿಡಿದ ಮಿಸ್ಟೇರಿನ ಚೂರುಗಳು ತಗಲಿ ಬಿತ್ತೆಂದು ಇನ್ನೊಂದು. ಬರೆಹಗಾರನು ಎರಡನ್ನೂ ಉಲ್ಲೇಖಿಸಿ ವಿಚಾರಿಸಬಹುದು. ಕುಂಚಕ್ಕೆ ಆ ಅವಕಾಶವಿಲ್ಲ. ಅದು ಒಂದು ಕ್ಷಣವನ್ನು, ಒಂದು ಪಕ್ಷವನ್ನು ಆರಿಸಲೇಬೇಕು. ವಿಮಾನದ ರೆಕ್ಕೆಯ ಬಣ್ಣ, ಚಿಹ್ನೆಗಳೆಲ್ಲ ನಿರ್ದುಷ್ಟವಾಗಿದ್ದರೂ ಘಟನೆಯು ಹಾಗೆಯೇ ನಡೆಯಿತೆಂಬುದಕ್ಕೆ ಅದು ಪ್ರಮಾಣವಾಗದು.

ವೀರಗಲ್ಲನ್ನು ಇದರೊಡನೆ ಹೋಲಿಸಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಈ ವಿನ್ಯಾಸವು ರೂಢಿಯದು; ಕಂಡದ್ದನ್ನೇ ಕಡೆದೆನೆಂದು ಶಿಲ್ಪಿಯು ಹೇಳುವುದಿಲ್ಲ. ಯಾರು, ಯಾವ ಊರ ಕಾಳಗದಲ್ಲಿ ಮಡಿದನೆಂಬುದನ್ನು ಶಾಸನವು ಹೇಳುತ್ತದೆ. ರೈಸರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟಗಳಲ್ಲಿ ಇಂತಹವು ಹೇರಳವಾಗಿವೆ. ಅಲ್ಲಿ ಸ್ಮರಣೆಯನ್ನು ನಿಲ್ಲಿಸಿದವರು ಮಡಿದವನ ಕಡೆಯವರು. ದೇವಯ್ಯನವರ ವಿಷಯದಲ್ಲಿ ಸಂಗತಿ ತಿಳಿದುಬಂದುದು ಎದುರಾಳಿಯ ಪಾಳೆಯದಿಂದ.

ಆದುದರಿಂದ ರುಜುವುಳ್ಳ ಯುದ್ಧಚಿತ್ರವನ್ನು ಜನರು ಯಾವುದನ್ನು ನೆನೆಯಬಯಸಿದರೆಂಬುದಕ್ಕೆ ಆಧಾರವಾಗಿ ನಾವು ಸ್ವೀಕರಿಸಬಹುದು. ನಡೆದುದಕ್ಕೆ ಆಧಾರವಾಗಿ ಅದೊಂದನ್ನೇ ನಂಬಲಾಗದು. ಚಿತ್ರದ ಅಂಚಿನಲ್ಲಿ ಯಾರ ರುಜುವಿದೆಯೆಂದು ಕೇಳುವಂತೆಯೇ, ಯಾರ ರುಜು ಅಲ್ಲಿರಲು ಸಾಧ್ಯವಿರಲಿಲ್ಲವೆಂಬುದನ್ನೂ ವಿದ್ಯಾರ್ಥಿಗಳು ಕೇಳಬೇಕು.