ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ಮತ್ತು ಆಸ್ತಿವಂತರ ಅರ್ಥನೀತಿ

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ಅಂದರೆ ಮುಕ್ತ ಮಾರುಕಟ್ಟೆ, ಕಡಿಮೆ ತೆರಿಗೆ ಎಂಬ ನಂಬಿಕೆ ಬೇರೂರಿದ್ದು ಮಾರ್ಗರೆಟ್ ಥ್ಯಾಚರ್ ಕಾಲದಿಂದೀಚೆಗೆ. ಹಳೆಯ ಚರಿತ್ರೆ ತೆಗೆದು ನೋಡಿದರೆ ಇದೇ ಪಕ್ಷ ಆಮದು ಸುಂಕ ಹೇರಿದೆ, ಕಿತ್ತುಹಾಕಿದೆ, ಮತ್ತೆ ಹೇರಿದೆ. ಕಂಪನಿಗಳನ್ನು ರಾಷ್ಟ್ರೀಕರಿಸಿದೆ, ಮಾರಿಯೂ ಇದೆ. ಸಿದ್ಧಾಂತ ಎಷ್ಟೇ ಬದಲಾದರೂ ಆಸ್ತಿ ಉಳ್ಳವರ ಮೇಲಿನ ಕಾಳಜಿ ಮಾತ್ರ ಹಾಗೇ ಉಳಿದಿದೆ. ಆ ಆಸ್ತಿವಂತರು ಕಾಲಕಾಲಕ್ಕೆ ಬೇರೆಯಾದರು: ಮೊದಲು ಭೂಮಾಲೀಕರು, ಆಮೇಲೆ ಗಿರಣಿ ಮಾಲೀಕರು ಮತ್ತು ಲಂಡನ್ನಿನ ಹಣಕಾಸು ವ್ಯವಹಾರಸ್ಥರು, ಕೊನೆಗೆ ಸಾಲ ಮಾಡಿ ಮನೆ ಕೊಂಡ ಸಾಮಾನ್ಯರು.

ಪೀಲ್ ಮತ್ತು ಧಾನ್ಯ ಕಾಯ್ದೆಗಳು

ನೆಪೋಲಿಯನ್ ಯುದ್ಧಗಳು ಮುಗಿದ 1815ರಲ್ಲಿ ಲಾರ್ಡ್ ಲಿವರ್‌ಪೂಲ್ ಅವರ ಟೋರಿ (ಕನ್ಸರ್ವೇಟಿವ್ ಪಕ್ಷದ ಪೂರ್ವರೂಪ) ಸರ್ಕಾರ ಧಾನ್ಯ ಕಾಯ್ದೆ ತಂದು ಆಮದಿಗೆ ಕಡಿವಾಣ ಹಾಕಿತು. ದೇಶದೊಳಗೆ ಗೋಧಿಯ ಬೆಲೆ ಕ್ವಾರ್ಟರ್‌ಗೆ, ಅಂದರೆ ಸುಮಾರು ಎರಡು ಕ್ವಿಂಟಲಿಗೆ, 80 ಷಿಲಿಂಗ್ ಮುಟ್ಟುವ ತನಕ ಹೊರಗಿನ ಗೋಧಿ ಮಾರುಕಟ್ಟೆಗೆ ಬರುವಂತಿರಲಿಲ್ಲ. ಸಂಸತ್ತಿನಲ್ಲಿ ಕೂತವರಲ್ಲಿ ಬಹುಪಾಲು ಭೂಮಾಲೀಕರೇ ಆಗಿದ್ದರಿಂದ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಬ್ರೆಡ್ಡಿನ ಬೆಲೆ ಏರಿದರೆ ಕೂಲಿಯನ್ನೂ ಏರಿಸಬೇಕಾಗುತ್ತದೆ ಎಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ತಿರುಗಿಬಿದ್ದರು. ರಿಚರ್ಡ್ ಕಾಬ್ಡನ್, ಜಾನ್ ಬ್ರೈಟ್ ಆ ಚಳವಳಿಯ ಮುಂದಾಳುಗಳು.

1841ರಲ್ಲಿ ಭೂಮಾಲೀಕರ ಬೆಂಬಲದಿಂದಲೇ ಅಧಿಕಾರಕ್ಕೆ ಬಂದ ರಾಬರ್ಟ್ ಪೀಲ್ ಹತ್ತಿ ಗಿರಣಿ ಉದ್ಯಮಿಯ ಮಗ. ಮರುವರ್ಷವೇ ನೂರಾರು ಸರಕುಗಳ ಆಮದು ಸುಂಕ ತಗ್ಗಿಸಿ, ಖಜಾನೆಗೆ ಬಿದ್ದ ಖೋತಾ ತುಂಬಲು ಆದಾಯ ತೆರಿಗೆಯನ್ನು ಮರಳಿ ತಂದರು. ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ಆದಾಯವಿದ್ದವರಿಗೆ ಪೌಂಡಿಗೆ ಏಳು ಪೆನ್ಸ್. ಮೂರೇ ವರ್ಷ ಎಂದು ಹೇಳಿ ತಂದ ಈ ತೆರಿಗೆ ಹೋಗಲೇ ಇಲ್ಲ. ತಮಾಷೆಯೆಂದರೆ ಕಾಗದದ ಮೇಲೆ ಅದು ಈಗಲೂ ತಾತ್ಕಾಲಿಕವೇ. ಪ್ರತಿ ವರ್ಷ ಸಂಸತ್ತು ಹೊಸದಾಗಿ ಒಪ್ಪಿಗೆ ಕೊಡಬೇಕು. 1844ರಲ್ಲಿ ಪೀಲ್ ಬ್ಯಾಂಕ್ ಕಾಯ್ದೆ ತಂದು, ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು ಮಿತಿಯಾಚೆ ಅಚ್ಚುಹಾಕುವ ನೋಟಿಗೆ ಚಿನ್ನದ ಬೆಂಬಲ ಇರಬೇಕೆಂದು ಕಟ್ಟುಮಾಡಿದರು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಹಸಿವಿಗೆ ಸಿಕ್ಕ ಅಲ್ಲಿನ ಜನರಿಗೆ ಅಗ್ಗದ ಧಾನ್ಯ ಸಿಗಲೆಂದು ಪೀಲ್ ಧಾನ್ಯ ಕಾಯ್ದೆಗಳನ್ನು ರದ್ದುಪಡಿಸಲು ಮುಂದಾದರು. ಅವರ ಪಕ್ಷದ ಸಂಸದರಲ್ಲಿ ಮೂರರಲ್ಲಿ ಎರಡು ಪಾಲು ವಿರುದ್ಧ ಮತ ಹಾಕಿದರು. ಮಸೂದೆ ಗೆದ್ದದ್ದು ವಿರೋಧಿಗಳಾದ ವಿಗ್ ಪಕ್ಷದವರ ನೆರವಿನಿಂದ. 1846ರ ಜೂನ್ 25ರಂದು ಮೇಲ್ಮನೆ ಮಸೂದೆಯನ್ನು ಅಂಗೀಕರಿಸಿತು. ಅದೇ ರಾತ್ರಿ ಕೆಳಮನೆಯಲ್ಲಿ ಸ್ವಪಕ್ಷೀಯರು ಇನ್ನೊಂದು ಮಸೂದೆಯ ನೆಪದಲ್ಲಿ ಪೀಲ್ ಸರ್ಕಾರವನ್ನು ಸೋಲಿಸಿದರು. ಪೀಲ್ ಬೆಂಬಲಿಗರು ಪಕ್ಷದಿಂದ ದೂರವಾದರು, ಅವರಲ್ಲೊಬ್ಬರಾದ ಗ್ಲ್ಯಾಡ್‌ಸ್ಟನ್ ಮುಂದೆ ಲಿಬರಲ್ ಪಕ್ಷದ ದೊಡ್ಡ ನಾಯಕರಾದರು. ಕನ್ಸರ್ವೇಟಿವರಿಗೆ ಮತ್ತೆ ಸ್ಪಷ್ಟ ಬಹುಮತ ಸಿಕ್ಕಿದ್ದು 1874ರಲ್ಲಿ. ಇಷ್ಟೆಲ್ಲ ಆದರೂ ಹಸಿದ ಐರಿಷರಿಗೆ ಆದ ಉಪಕಾರ ಅತ್ಯಲ್ಪ. ಅಗ್ಗದ ಗೋಧಿ ಕೊಳ್ಳಲೂ ಕೈಯಲ್ಲಿ ಕಾಸು ಬೇಕಲ್ಲ.

ಚಿನ್ನ ಮತ್ತು ಸುಂಕ

ಪೀಲ್ ಅವರನ್ನು ಸದನದಲ್ಲಿ ಹಿಗ್ಗಾಮುಗ್ಗಾ ಟೀಕಿಸಿದ್ದ ಸ್ವಪಕ್ಷದ ಸಂಸದ ಡಿಸ್ರೇಲಿ ಮುಂದೆ ಪ್ರಧಾನಿಯಾದಾಗ ಧಾನ್ಯ ಸುಂಕದ ಗೊಡವೆಗೆ ಹೋಗಲಿಲ್ಲ. ಅಮೆರಿಕದ ಅಗ್ಗದ ಧಾನ್ಯ ಬಂದು ಭೂಮಾಲೀಕರ ಗೇಣಿ ಕುಸಿಯಿತು. 1903ರಲ್ಲಿ ಸಚಿವ ಜೋಸೆಫ್ ಚೇಂಬರ್ಲೇನ್ ಸಾಮ್ರಾಜ್ಯದ ಸರಕಿಗೆ ರಿಯಾಯಿತಿ, ಹೊರಗಿನದಕ್ಕೆ ಸುಂಕ ಎಂಬ ವಾದ ಹೂಡಿದರು. ಪಕ್ಷ ಒಡೆದು 1906ರ ಚುನಾವಣೆಯಲ್ಲಿ ನೆಲಕಚ್ಚಿತು.

1925ರಲ್ಲಿ ಹಣಕಾಸು ಸಚಿವ ವಿನ್ಸ್ಟನ್ ಚರ್ಚಿಲ್ ಪೌಂಡನ್ನು ಯುದ್ಧಪೂರ್ವದ 4.86 ಡಾಲರ್ ದರದಲ್ಲೇ ಮತ್ತೆ ಚಿನ್ನಕ್ಕೆ ಗಂಟುಹಾಕಿದರು. ಲಂಡನ್ನಿನ ಬ್ಯಾಂಕುಗಳಿಗೆ ಪ್ರತಿಷ್ಠೆ ಮರಳಿತು, ರಫ್ತುದಾರರಿಗೆ ಪೆಟ್ಟು ಬಿತ್ತು. ದುಬಾರಿ ಪೌಂಡಿನಿಂದ ಹೊರದೇಶದ ಗಿರಾಕಿ ಕಳೆದುಕೊಂಡ ಗಣಿ ಮಾಲೀಕರು ಕೂಲಿ ಇಳಿಸಲು ಹೊರಟರು. 1926ರ ಮೇ ತಿಂಗಳಲ್ಲಿ ದೇಶವ್ಯಾಪಿ ಮುಷ್ಕರವಾಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ ಚಿನ್ನಕ್ಕೆ ಮರಳುವ ನಿರ್ಧಾರವನ್ನು ಆಗಲೇ ಕಟುವಾಗಿ ಟೀಕಿಸಿದ್ದರು, ಅವರ ಮಾತೇ ನಿಜವಾಯಿತು. 1931ರಲ್ಲಿ ಬ್ರಿಟನ್ ಪೌಂಡನ್ನು ಚಿನ್ನಕ್ಕೆ ಕಟ್ಟುವ ಈ ಪದ್ಧತಿಯನ್ನು ಕೈಬಿಟ್ಟಿತು. 1932ರಲ್ಲಿ ಜೋಸೆಫ್ ಅವರ ಮಗ ನೆವಿಲ್ ಚೇಂಬರ್ಲೇನ್ ಶೇ 10ರ ಸಾಮಾನ್ಯ ಆಮದು ಸುಂಕ ಜಾರಿಗೆ ತಂದರು.

ಯುದ್ಧಾನಂತರದ ರಾಜಿ

1951ರಲ್ಲಿ ಅಧಿಕಾರಕ್ಕೆ ಮರಳಿದ ಕನ್ಸರ್ವೇಟಿವರು ಲೇಬರ್ ಪಕ್ಷ ಕಟ್ಟಿದ್ದ ಉಚಿತ ಆರೋಗ್ಯ ಸೇವೆ, ಸರ್ಕಾರಿ ಕಲ್ಲಿದ್ದಲು ಗಣಿ, ರೈಲ್ವೆ ಯಾವುದನ್ನೂ ಕೆಡವಲಿಲ್ಲ. ವಸತಿ ಸಚಿವ ಮ್ಯಾಕ್ಮಿಲನ್ ವರ್ಷಕ್ಕೆ ಮೂರು ಲಕ್ಷ ಮನೆಗಳ ಗುರಿ ಮುಟ್ಟಿದರು. ದಿವಾಳಿಯಾದ ರೋಲ್ಸ್ ರಾಯ್ಸ್ ಕಂಪನಿಯನ್ನು 1971ರಲ್ಲಿ ರಾಷ್ಟ್ರೀಕರಿಸಿದವರೂ ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್. ಗಣಿ ಕಾರ್ಮಿಕರ ಜತೆಗಿನ ಜಟಾಪಟಿಯಲ್ಲಿ ವಿದ್ಯುತ್ ಉಳಿಸಲು ಅವರು 1974ರ ಆರಂಭದಲ್ಲಿ ಉದ್ದಿಮೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು ಕೊಟ್ಟರು. ಟಿವಿ ಪ್ರಸಾರ ರಾತ್ರಿ ಹತ್ತೂವರೆಗೆ ಬಂದ್. ಚುನಾವಣೆಗೆ ಹೋಗಿ ಸೋತರು.

ಥ್ಯಾಚರ್ ದಶಕ

1979ರಲ್ಲಿ ಪ್ರಧಾನಿಯಾದ ಥ್ಯಾಚರ್ ಗ್ರಾಂಥಮ್ ಊರಿನ ದಿನಸಿ ವ್ಯಾಪಾರಿಯ ಮಗಳು. ಮೊದಲ ಬಜೆಟ್ಟಿನಲ್ಲೇ ಆದಾಯ ತೆರಿಗೆಯ ಗರಿಷ್ಠ ದರ ಶೇ 83ರಿಂದ 60ಕ್ಕೆ ಇಳಿಯಿತು, ವ್ಯಾಟ್ ಶೇ 8ರಿಂದ 15ಕ್ಕೆ ಏರಿತು. ಅಂದರೆ ಹೊರೆ ದುಡಿಮೆಯಿಂದ ಖರ್ಚಿನ ಮೇಲೆ ಜಾರಿತು. ಹಣದುಬ್ಬರ ಹತ್ತಿಕ್ಕಲು ಬಡ್ಡಿದರವನ್ನು ಶೇ 17ಕ್ಕೆ ಒಯ್ದರು. 1980ರಲ್ಲಿ ಶೇ 22ರ ಹತ್ತಿರವಿದ್ದ ಹಣದುಬ್ಬರ 1983ರಲ್ಲಿ ಶೇ 5ಕ್ಕಿಂತ ಕೆಳಗೆ ಬಂತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಉತ್ತರದ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು, 1982ರಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. 364 ಅರ್ಥಶಾಸ್ತ್ರಜ್ಞರು ಪತ್ರಿಕೆಗೆ ಬರೆದು ವಿರೋಧಿಸಿದರೂ ಥ್ಯಾಚರ್ ಜಗ್ಗಲಿಲ್ಲ. ಉತ್ತರ ಸಮುದ್ರದ ತೈಲದ ವರಮಾನ ಇಲ್ಲದಿದ್ದರೆ ಇಷ್ಟು ಗಟ್ಟಿಯಾಗಿ ನಿಲ್ಲುವುದು ಕಷ್ಟವಿತ್ತು ಎಂಬುದನ್ನು ಅವರ ಅಭಿಮಾನಿಗಳು ಮರೆಯುತ್ತಾರೆ.

1984ರ ಮಾರ್ಚಿನಲ್ಲಿ ಗಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಹೀತ್‌ಗೆ ಆದ ಗತಿಯಿಂದ ಪಾಠ ಕಲಿತಿದ್ದ ಸರ್ಕಾರ ವಿದ್ಯುತ್ ಸ್ಥಾವರಗಳಲ್ಲಿ ಮೊದಲೇ ಕಲ್ಲಿದ್ದಲು ರಾಶಿ ಹಾಕಿಸಿತ್ತು. ಒಂದು ವರ್ಷದ ಬಳಿಕ ಕಾರ್ಮಿಕರು ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ಆಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿ, ಅವನ್ನೇ ನಂಬಿದ್ದ ಊರುಗಳು ಸೊರಗಿದವು.

ಎಲ್ಲಕ್ಕಿಂತ ಆಳಕ್ಕಿಳಿದ ಬದಲಾವಣೆ ಮನೆಯದು. 1980ರ ವಸತಿ ಕಾಯ್ದೆಯ ಪ್ರಕಾರ ಸ್ಥಳೀಯ ಕೌನ್ಸಿಲ್ ಮನೆಗಳಲ್ಲಿ ಮೂರು ವರ್ಷ ಬಾಡಿಗೆಗಿದ್ದವರು ಶೇ 33ರ ರಿಯಾಯಿತಿಯಲ್ಲಿ ಅದೇ ಮನೆಯನ್ನು ಕೊಳ್ಳಬಹುದಿತ್ತು; 20 ವರ್ಷ ಇದ್ದವರಿಗೆ ರಿಯಾಯಿತಿ ಶೇ 50. ಒಂದೇ ಬಣ್ಣದ ಬಾಗಿಲುಗಳ ಬೀದಿಯಲ್ಲಿ ಯಾರ ಮನೆ ಸ್ವಂತದ್ದಾಯಿತು ಎನ್ನುವುದು ಹೊಸ ಮುಂಬಾಗಿಲಿನಿಂದಲೇ ತಿಳಿಯುತ್ತಿತ್ತು. ಹತ್ತು ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಮಾರಾಟವಾದವು. ಬಂದ ಹಣದಲ್ಲಿ ಹೊಸ ಮನೆ ಕಟ್ಟಲು ಕೌನ್ಸಿಲ್‌ಗಳಿಗೆ ಸರ್ಕಾರ ಕೈಬಿಚ್ಚಿ ಬಿಡಲಿಲ್ಲ. ಇಂದಿನ ಬಾಡಿಗೆ ಮನೆಗಳ ಅಭಾವಕ್ಕೆ ಅದೂ ಒಂದು ಕಾರಣ. ಬ್ರಿಟಿಷ್ ಟೆಲಿಕಾಂ, ಬ್ರಿಟಿಷ್ ಗ್ಯಾಸ್, ನೀರು ಸರಬರಾಜು ಕಂಪನಿಗಳ ಷೇರುಗಳೂ ಜನರ ಕೈಗೆ ಬಂದವು. 1986ರ ಅಕ್ಟೋಬರ್ 27ರಂದು ಲಂಡನ್ ಷೇರು ಪೇಟೆಯ ಹಳೆಯ ಕಟ್ಟುಕಟ್ಟಳೆಗಳು ತೆರವಾಗಿ ವಿದೇಶಿ ಬ್ಯಾಂಕುಗಳು ನುಗ್ಗಿದವು.

ಗೃಹಸಾಲದ ಕುಣಿಕೆ

ಮನೆಯೊಡೆಯರ ದೇಶದಲ್ಲಿ ಬಡ್ಡಿದರವೇ ರಾಜಕೀಯ. 1992ರ ಸೆಪ್ಟೆಂಬರ್ 16ರಂದು ಯುರೋಪಿನ ವಿನಿಮಯ ದರ ವ್ಯವಸ್ಥೆಯಲ್ಲಿ ಪೌಂಡನ್ನು ಉಳಿಸಲು ಜಾನ್ ಮೇಜರ್ ಸರ್ಕಾರ ಬಡ್ಡಿಯನ್ನು ಬೆಳಿಗ್ಗೆ ಶೇ 10ರಿಂದ 12ಕ್ಕೆ ಏರಿಸಿತು, ಮಧ್ಯಾಹ್ನ 15 ಎಂದು ಸಾರಿತು, ಸಂಜೆ ಸೋಲೊಪ್ಪಿ ವ್ಯವಸ್ಥೆಯಿಂದಲೇ ಹೊರಬಂತು. ಆಮೇಲೆ ಆರ್ಥಿಕತೆ ಚೇತರಿಸಿದರೂ ಹೋದ ಮಾನ ಬರಲಿಲ್ಲ.

2010ರ ನಂತರದ ಮಿತವ್ಯಯ, 2016ರ ಬ್ರೆಕ್ಸಿಟ್ ಮತದಾನ ದಾಟಿ 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರ ಸುಮಾರು 4,500 ಕೋಟಿ ಪೌಂಡುಗಳ ತೆರಿಗೆ ಕಡಿತ ಘೋಷಿಸಿತು. ಅದಕ್ಕೆ ಹಣ ಎಲ್ಲಿಂದ ಎಂದು ಹೇಳಲಿಲ್ಲ. ಸರ್ಕಾರಿ ಸಾಲಪತ್ರಗಳ ಬೆಲೆ ಕುಸಿದು ಪಿಂಚಣಿ ನಿಧಿಗಳು ತತ್ತರಿಸಿದವು, ಗೃಹಸಾಲದ ಬಡ್ಡಿ ಶೇ 6 ದಾಟಿತು. ಥ್ಯಾಚರ್ ಹೆಸರು ಹೇಳಿಕೊಂಡು ಬಂದವರನ್ನು ಥ್ಯಾಚರ್ ಸೃಷ್ಟಿಸಿದ ಮನೆಯೊಡೆಯರ ಭಯವೇ ಏಳು ವಾರಗಳಲ್ಲಿ ಇಳಿಸಿತು. ನಂತರ ಬಂದವರು ಇನ್ಫೋಸಿಸ್ ನಾರಾಯಣ ಮೂರ್ತಿ ದಂಪತಿಯ ಅಳಿಯ, ಬೆಂಗಳೂರಿಗರಿಗೆ ಪರಿಚಿತರಾದ ರಿಷಿ ಸುನಕ್. ಕೋವಿಡ್ ಕಾಲದಲ್ಲಿ ಹಣಕಾಸು ಸಚಿವರಾಗಿ ಕೆಲಸ ನಿಂತ ನೌಕರರ ಶೇ 80ರಷ್ಟು ಸಂಬಳವನ್ನು ಸರ್ಕಾರದಿಂದಲೇ ಕೊಡಿಸಿದ್ದ ಅವರು, ಪ್ರಧಾನಿಯಾಗಿ ಕಂಪನಿ ತೆರಿಗೆಯನ್ನು ಶೇ 19ರಿಂದ 25ಕ್ಕೆ ಏರಲು ಬಿಟ್ಟರು. 2024ರ ಜುಲೈ 4ರ ಚುನಾವಣೆಯಲ್ಲಿ ಪಕ್ಷ ಗೆದ್ದದ್ದು 121 ಸ್ಥಾನ, ಅದರ ಚರಿತ್ರೆಯಲ್ಲೇ ಅತಿ ಕಡಿಮೆ.