ಪರದೆಯ ದುಭಾಷಿ

ನಮ್ಮ ಕಮಲನಗರದ ಕಡೆ ಕಂಪ್ಯೂಟರುಗಳಲ್ಲಿ ಎರಡೇ ಜಾತಿ. ಒಂದು ಕಂಪನಿಯದು, ಇನ್ನೊಂದು ಅಸೆಂಬಲ್ ಮಾಡಿಸಿದ್ದು. ಕಂಪನಿಯದಕ್ಕೆ ಪೆಟ್ಟಿಗೆ, ಬಿಲ್ಲು, ವಾರಂಟಿ ಎಲ್ಲವೂ ಇರುತ್ತವೆ. ಅಸೆಂಬಲ್ ಮಾಡಿಸಿದ್ದು ಹಾಗಲ್ಲ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಒಂದಂಗಡಿಯಿಂದ ಮದರ್‌ಬೋರ್ಡು, ಇನ್ನೊಂದರಿಂದ ಪ್ರೊಸೆಸರು, ಮತ್ತೊಂದರಿಂದ ಗ್ರಾಫಿಕ್ಸ್ ಕಾರ್ಡು ಎಂದು ಕೊಂಡು ತಂದು ಕೂಡಿಸಿದ್ದು. ಅಗ್ಗ, ಬೇಕಾದ ಹಾಗೆ ಮಾಡಿಸಿಕೊಳ್ಳಬಹುದು, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಅಪ್‌ಡೇಟ್ ಆದ ಮರುದಿನ ಪರದೆ ಕಪ್ಪಾಗಿ ಕೂತರೆ ಹೊಣೆ ಯಾರದು? ವಿಂಡೋಸಿನವರು ಕಾರ್ಡಿನವರ ಕಡೆ ಬೆರಳು ತೋರಿಸುತ್ತಾರೆ, ಕಾರ್ಡಿನವರು ವಿಂಡೋಸಿನವರ ಕಡೆ. ಈ ಜಗಳಕ್ಕೆ ಒಂದು ದೊಡ್ಡ ಇತಿಹಾಸವೇ ಇದೆ.

ಡ್ರೈವರ್ ಎಂದ ಕೂಡಲೇ ಮಕ್ಕಳಿಗೆ ಬಸ್ಸಿನ ಡ್ರೈವರ್ ನೆನಪಾಗುತ್ತಾನೆ. ನಾನು ತರಗತಿಯಲ್ಲಿ ದುಭಾಷಿ ಎಂದೇ ಹೇಳುತ್ತೇನೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವ ನಮ್ಮ ಜಿಲ್ಲೆಯ ಮಕ್ಕಳಿಗೆ ದುಭಾಷಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿಂಡೋಸ್ ಒಂದು ಭಾಷೆ ಆಡುತ್ತದೆ, ಕಾರ್ಡಿಗೆ ತಿಳಿಯುವುದು ಇನ್ನೊಂದು. ನಡುವೆ ನಿಂತು ಹೇಳುವ ತಂತ್ರಾಂಶವೇ ಡ್ರೈವರ್. ಒಂದು ಕಡೆಯವರು ಮಾತಿನ ರೀತಿ ಬದಲಿಸಿದರೆ ದುಭಾಷಿ ತಬ್ಬಿಬ್ಬಾಗುತ್ತಾನೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಿಜಾಮರ ಕಾಲದ ಉರ್ದು ಕಾಗದಗಳ ಗತಿಯೂ ಇದೇ ಆಯಿತಲ್ಲ. ಹೊಲ ಅದೇ, ಕಾಗದ ಅದೇ, ಓದಿ ಹೇಳುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾದರು.

ಡಾಸ್ ಕಾಲದಲ್ಲಿ ಇಂಥ ಸಾಮಾನ್ಯ ದುಭಾಷಿ ಇರಲಿಲ್ಲ. ಯಾವ ಕಾರ್ಡಿಗೆ ಹೇಗೆ ಮಾತಾಡಬೇಕೆಂಬುದನ್ನು ಪ್ರತಿಯೊಂದು ಪ್ರೋಗ್ರಾಮೂ ತಾನೇ ಕಲಿತಿರಬೇಕಿತ್ತು. ಆಗ ನಮ್ಮ ಲಿಪಿಗಳ ಪಾಡು ಇನ್ನೂ ಕಷ್ಟದ್ದು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂಡಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಅಕ್ಷರಕ್ಕಾಗಿಯೇ ಒಂದು ಕಾರ್ಡು! ಇಂದು ಮೊಬೈಲಿನಲ್ಲಿ ಕನ್ನಡ ಬೆರಳಚ್ಚಿಸುವ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

1987ರಲ್ಲಿ ಐಬಿಎಂ ಕಂಪನಿ ವಿಜಿಎ ಎಂಬ ಪದ್ಧತಿಯನ್ನು ತಂದಿತು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆ, 16 ಬಣ್ಣ. ಉಳಿದ ಕಂಪನಿಗಳೆಲ್ಲ ಅದನ್ನೇ ಅನುಸರಿಸಿದವು. ವಿಂಡೋಸ್ 95ರ ಸೇಫ್ ಮೋಡ್ ನಿಂತದ್ದು ಈ ವಿಜಿಎ ಮೇಲೆಯೇ. ಕಾರ್ಡಿನ ಸ್ವಂತ ದುಭಾಷಿ ಕೈಕೊಟ್ಟರೂ ಹರಕು ಮುರುಕು ಭಾಷೆಯಲ್ಲಿ ಕೆಲಸ ಸಾಗಲಿ ಎಂಬ ಏರ್ಪಾಡು ಅದು. ಇಂದಿಗೂ ಅಪ್‌ಡೇಟ್ ಆದ ಮೇಲೆ ಅಕ್ಷರಗಳು ದೊಡ್ಡದಾಗಿ ಚಿತ್ರಗಳು ಹಿಗ್ಗಿ ಕಂಡರೆ ಕಾರ್ಡು ಸತ್ತಿತೆಂದು ಗಾಬರಿಯಾಗಬೇಕಿಲ್ಲ. ಬಹಳ ಸಲ ಅದರ ದುಭಾಷಿಯಷ್ಟೇ ತಪ್ಪಿಸಿಕೊಂಡಿರುತ್ತಾನೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಒಂದು ಒಳ್ಳೆಯ ಕೆಲಸ ಮಾಡಿತು. ಹೊಸ ಡ್ರೈವರ್ ಹೊಂದದಿದ್ದರೆ ಹಳೆಯದಕ್ಕೆ ಮರಳುವ ರೋಲ್ ಬ್ಯಾಕ್ ಗುಂಡಿಯನ್ನು ಡಿವೈಸ್ ಮ್ಯಾನೇಜರಿನಲ್ಲಿ ಇಟ್ಟಿತು. ಹೊಸದೆಲ್ಲ ಒಳ್ಳೆಯದೇ ಎಂಬ ನಂಬಿಕೆಯನ್ನು ತಯಾರಕರೇ ಕೈಬಿಟ್ಟ ಗಳಿಗೆ ಅದು ಎಂದು ನನಗನಿಸುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು 2007ರ ವಿಸ್ಟಾ ಕಾಲಕ್ಕೆ. ಡ್ರೈವರ್ ಬರೆಯುವ ರೀತಿಯನ್ನೇ ಮೈಕ್ರೋಸಾಫ್ಟ್ ಪೂರಾ ಬದಲಿಸಿತು. ಉದ್ದೇಶ ಒಳ್ಳೆಯದೇ ಇತ್ತು: ಡ್ರೈವರಿನ ದೊಡ್ಡ ಪಾಲನ್ನು ವ್ಯವಸ್ಥೆಯ ಗರ್ಭಗುಡಿಯಿಂದ ಹೊರಗೆ ತರುವುದು, ಕಾರ್ಡು 2 ಸೆಕೆಂಡು ಉತ್ತರ ಕೊಡದಿದ್ದರೆ ಇಡೀ ಯಂತ್ರವನ್ನು ಬೀಳಿಸದೆ ಡ್ರೈವರನ್ನಷ್ಟೇ ಎಬ್ಬಿಸುವುದು. ಆದರೆ ಹೊಸ ರೀತಿಯ ಡ್ರೈವರುಗಳು ಸರಿಯಾಗಿ ಹಣ್ಣಾಗಿರಲಿಲ್ಲ. ಅಮೆರಿಕದ ನ್ಯಾಯಾಲಯವೊಂದರಲ್ಲಿ ಗ್ರಾಹಕರು ಹೂಡಿದ ದಾವೆಯಲ್ಲಿ 2008ರಲ್ಲಿ ಹೊರಬಂದ ಮೈಕ್ರೋಸಾಫ್ಟಿನ ಒಳಗಿನ ಪತ್ರಗಳ ಪ್ರಕಾರ, ದಾಖಲಾದ ವಿಸ್ಟಾ ಕುಸಿತಗಳಲ್ಲಿ ಸುಮಾರು ಶೇಕಡಾ 29ರಷ್ಟು ಎನ್‌ವಿಡಿಯಾ ಡ್ರೈವರುಗಳಿಂದ, ಸುಮಾರು ಶೇಕಡಾ 18ರಷ್ಟು ಮೈಕ್ರೋಸಾಫ್ಟಿನದೇ ತಂತ್ರಾಂಶದಿಂದ ಆದವು. ಬೆರಳು ತೋರಿಸುವ ಜಗಳಕ್ಕೆ ಲೆಕ್ಕ ಸಿಕ್ಕಿದ್ದು ಹೀಗೆ, ಅದೂ ಕೋರ್ಟು ಕಟ್ಟೆ ಹತ್ತಿದ ಮೇಲೆ.

2015ರ ಜುಲೈಯಲ್ಲಿ ವಿಂಡೋಸ್ 10 ಬಂದಾಗ ಕೇಳುವ ಪದ್ಧತಿಯೂ ಹೋಯಿತು. ಮನೆಬಳಕೆಯ ಯಂತ್ರಗಳಲ್ಲಿ ಅಪ್‌ಡೇಟ್ ತಾನಾಗಿಯೇ ಇಳಿಯತೊಡಗಿತು, ಡ್ರೈವರ್ ಸಮೇತ. ಬಿಡುಗಡೆಗೆ ಮೊದಲೇ ಹೀಗೆ ಬಂದ ಒಂದು ಎನ್‌ವಿಡಿಯಾ ಡ್ರೈವರ್ ಹಲವರ ಪರದೆ ಕೆಡಿಸಿತು. ಬೇಡವಾದ ಅಪ್‌ಡೇಟನ್ನು ಮರೆಮಾಡುವ ಸಣ್ಣ ಸಾಧನವೊಂದನ್ನು ಮೈಕ್ರೋಸಾಫ್ಟ್ ಕೊಡಬೇಕಾಯಿತು.

ಲಿನಕ್ಸಿನಲ್ಲೂ ಈ ತೊಂದರೆ ತಪ್ಪಿಲ್ಲ. ಅಲ್ಲಿ ಕರ್ನೆಲ್ ಎಂಬ ತಿರುಳು ಬದಲಾದಾಗಲೆಲ್ಲ ಹೊರಗಿನ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಲಿನಕ್ಸಿನ ಮೂಲಪುರುಷ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯಾ ಕಂಪನಿಗೆ ಹೇಳಿದ ಮಾತನ್ನು ಶಾಲೆಯ ಶಿಕ್ಷಕಿ ಬರೆಯುವಂತಿಲ್ಲ. ಆ ಕಂಪನಿ 2022ರ ಮೇ ತಿಂಗಳಲ್ಲಿ ತನ್ನ ಡ್ರೈವರಿನ ಕರ್ನೆಲ್ ಭಾಗದ ಮೂಲಸಂಕೇತವನ್ನು ಬಹಿರಂಗಪಡಿಸಿತು. ಹೊಸ ಕಾರ್ಡುಗಳಿಗೆ ಮಾತ್ರ.

ಇದೆಲ್ಲ ದೂರದ ಮಾತಲ್ಲ. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೆ ಕೊಟ್ಟ ಅಸೆಂಬಲ್ ಯಂತ್ರವೊಂದು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಡೆಯ ವಾರದಲ್ಲೇ ಅಪ್‌ಡೇಟ್ ಆಗಿ ಕಪ್ಪಾಯಿತು. ಅಂಗಡಿಯವನು ಫೋನಿನಲ್ಲೇ ಕಾರ್ಡು ಹೋಗಿದೆ, ಹೊಸದು ಹಾಕಿಸಿ ಎಂದುಬಿಟ್ಟ. ಅಷ್ಟು ಹಣ ಎಲ್ಲಿಂದ ತರುವುದು? ನಮ್ಮ ಗಣಿತದ ಮೇಷ್ಟರು ಮಾನಿಟರಿನ ವೈರನ್ನು ಕಾರ್ಡಿನಿಂದ ಕಿತ್ತು ಮದರ್‌ಬೋರ್ಡಿನದೇ ಕಿಂಡಿಗೆ ಚುಚ್ಚಿದರು. ಬೆಳಕು ಬಂತು. ಆ ಮೇಲೆ ಸೇಫ್ ಮೋಡ್, ಹೊಸ ಡ್ರೈವರನ್ನು ಪೂರಾ ತೆಗೆಯುವುದು, ಕಾರ್ಡಿನ ಕಂಪನಿಯ ತಾಣದಿಂದ ಹಿಂದಿನ ಡ್ರೈವರ್ ಇಳಿಸಿ ಹಾಕುವುದು, ಒಂದೂವರೆ ತಾಸಿನ ಕೆಲಸ. ಕಾರ್ಡಿಗೆ ಏನೂ ಆಗಿರಲಿಲ್ಲ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಗುಂಡಿ ಒಟ್ಟಿಗೆ ಒತ್ತಿದರೆ ಡ್ರೈವರ್ ಮತ್ತೆ ಏಳುತ್ತದೆಂದೂ ಆಗಲೇ ತಿಳಿಯಿತು. ಈಗ ಅದನ್ನು ಗೋಡೆಗೆ ಬರೆದು ಹಚ್ಚಿದ್ದೇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಯಂತ್ರದ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ, ಕಾರ್ಡಿನ ಕಂಪನಿಯೂ ಆ ತಲೆಮಾರಿನ ಕಾರ್ಡುಗಳನ್ನು ಕೈಬಿಟ್ಟಿದೆ. ಎರಡೂ ಕಡೆಯವರು ಎದ್ದು ಹೋದ ಮೇಲೆ ಉಳಿದದ್ದು ನೂವೋ ಎಂಬ ಡ್ರೈವರ್. ಎನ್‌ವಿಡಿಯಾ ಕಾರ್ಡುಗಳು ಹೇಗೆ ಮಾತಾಡುತ್ತವೆಂದು ಹೊರಗಿನ ಉತ್ಸಾಹಿಗಳೇ ಕೇಳಿ ಕೇಳಿ ಕಲಿತು ಬರೆದದ್ದು ಅದು. ವೇಗ ಕಡಿಮೆ, ಆಟಗಳಿಗೆ ಸಾಲದು. ಡಿಸೆಂಬರಿನಿಂದ ಆ ಯಂತ್ರದಲ್ಲಿ ಉಬುಂಟು ಇದೆ, ಒಂಬತ್ತನೆಯ ತರಗತಿಯವರು ಅದರಲ್ಲೇ ಕನ್ನಡ ಬೆರಳಚ್ಚು ಕಲಿಯುತ್ತಿದ್ದಾರೆ.